ವಾಸ್ತು ಸರಿಯಿಲ್ಲವೆಂದು ಬಿಟ್ಟ ಮನೆ

ನಮ್ಮ ಕಡೆ ಮನೆ ಕೊಳ್ಳಲು ಹೋದವರು ಮನೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಾರೆ. ನೆರೆಯವರು ಎಂಥವರು, ಬಸ್ಸು ಎಷ್ಟು ಹತ್ತಿರ, ಬಾವಿಯ ನೀರು ಸಿಹಿಯೋ ಎಂದೆಲ್ಲ ವಿಚಾರಿಸಿ, ಮಾರುವವರು ಕೊಟ್ಟ ಚಾಯ ಕುಡಿದು, ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿ ತಿಂದು ಏಳುತ್ತಾರೆ. ತಿಂದ ಬಾಯಲ್ಲಿ ನಿಮ್ಮ ಗೋಡೆ ಬಿರುಕು ಬಿಟ್ಟಿದೆ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ಆ ಪೋಡಿಯನ್ನು ನಾನೂ ತಿಂದಿದ್ದೇನೆ. ಒಂದಲ್ಲ, ಐದು.

ನಾನು ಶಾಲೆಯಲ್ಲಿ ಕನ್ನಡ ಮಾಷ್ಟ್ರು. ಕುಂಬಳೆಯ ಬಾಡಿಗೆ ಮನೆಯಲ್ಲಿ ಹನ್ನೊಂದು ವರ್ಷ ಕಳೆದ ಮೇಲೆ ನನ್ನ ಹೆಂಡತಿ ಸ್ವಂತ ಮನೆಯ ಹಟ ಹಿಡಿದಳು. ಮೊಗ್ರಾಲಿನಲ್ಲಿ, ಹೊಳೆ ಕಡಲು ಸೇರುವ ಜಾಗಕ್ಕೆ ತೀರಾ ದೂರವಲ್ಲದಲ್ಲಿ, ಗಲ್ಫಿನಿಂದ ಮರಳಿದ ಒಬ್ಬರು ಮನೆ ಮಾರುತ್ತಾರೆಂದು ಸುದ್ದಿ ಬಂತು. ಹೆಂಡತಿಯ ಅಣ್ಣನನ್ನು, ಅಂದರೆ ನನ್ನ ಭಾವನನ್ನು, ಕರೆದುಕೊಂಡು ಸೆಪ್ಟೆಂಬರಿನ ಒಂದು ಭಾನುವಾರ ಹೋದೆವು. ಮಳೆಗಾಲದ ಆಟಿ ತಿಂಗಳು ಅಶುಭ, ಆಗ ಮನೆ ನೋಡಬಾರದೆಂದು ಅದುವರೆಗೆ ನಮ್ಮನ್ನು ತಡೆದದ್ದೂ ಈ ಭಾವನೇ.

ಭಾವ ಮೊಬೈಲಿನ ದಿಕ್ಸೂಚಿ ಹಿಡಿದು ಮನೆಯನ್ನು ಮೂರು ಸುತ್ತು ಬಂದರು. ಅಡುಗೆಕೋಣೆ ಆಗ್ನೇಯಕ್ಕೆ, ಬಾವಿ ಈಶಾನ್ಯಕ್ಕೆ, ಗೇಟು ಪೂರ್ವಕ್ಕೆ. "ಫಸ್ಟ್ ಕ್ಲಾಸ್ ವಾಸ್ತು ಮಾರಾಯ. ಇಂಥದ್ದು ಹುಡುಕಿದ್ರೂ ಸಿಕ್ಕುವುದಿಲ್ಲ," ಎಂದರು. ಅಷ್ಟು ಹೊತ್ತೂ ಅವರು ತಲೆಯೆತ್ತಿ ಮಾಡನ್ನು ನೋಡಲಿಲ್ಲ. ದಿಕ್ಸೂಚಿಯಲ್ಲಿ ಮೇಲೆ ಎಂಬ ದಿಕ್ಕು ಇಲ್ಲವಲ್ಲ.

ನನಗೆ ಮಾತ್ರ ಸಣ್ಣ ಸಂಶಯ. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನನ್ನ ಹಳೆಯ ಶಿಷ್ಯೆಯೊಬ್ಬಳು ಈಗ ಕಾಸರಗೋಡಿನಲ್ಲಿ ಕಟ್ಟಡಗಳ ಎಂಜಿನಿಯರ್. ಅವಳನ್ನು ಮರುವಾರ ಕರೆದುಕೊಂಡು ಹೋದೆ. ಆದರೆ ಎಂಜಿನಿಯರನ್ನು ತಂದಿದ್ದೇನೆ ಎಂದರೆ ಮನೆಯವರಿಗೆ ಅವಮಾನವಾದೀತೆಂದು ಹೆದರಿ, "ನಮ್ಮ ಸಂಬಂಧಿಕರ ಹುಡುಗಿ, ಸುಮ್ಮನೆ ಬಂದಳು" ಎಂದು ಪರಿಚಯಿಸಿದೆ. ಸ್ವಂತ ದುಡ್ಡು ಕೊಟ್ಟು ಕೊಳ್ಳುವ ಮನೆಯನ್ನು ಕಳ್ಳನ ಹಾಗೆ ಪರೀಕ್ಷಿಸುವ ಜಾಣತನ ನಮ್ಮವರಿಗಷ್ಟೇ ಸಾಧ್ಯ.

ಮನೆಯವರು ಚಾಯಕ್ಕೆ ಹೇಳಲು ಒಳಗೆ ಹೋದರು. ಅವಳು ಮುಂಬಾಗಿಲಿನ ಎದುರಿನ ಜಗಲಿಯಲ್ಲಿ, ಅಂದರೆ ಸಿಟೌಟಿನಲ್ಲಿ, ನಿಂತು ಕೊಡೆಯ ತುದಿಯಿಂದ ಮೇಲಿನ ಸ್ಲಾಬಿಗೆ ನಾಲ್ಕೈದು ಕಡೆ ಕುಟ್ಟಿದಳು. ಮೂಲೆಯಲ್ಲಿ ಪೊಳ್ಳು ಸದ್ದು ಬಂತು, ಬಣ್ಣದ ಒಂದು ಚಕ್ಕೆ ಉದುರಿತು. ಅವಳು ಅದನ್ನು ಹೆಕ್ಕಿ ಬ್ಯಾಗಿಗೆ ಹಾಕಿಕೊಂಡು, ಚಾಯ ಕುಡಿದು, ರಸ್ತೆಗೆ ಬಂದ ಮೇಲೆಯೇ ಬಾಯಿ ತೆರೆದಳು.

"ಮಾಷ್ಟ್ರೇ, ಮನೆ ಚಂದ ಉಂಟು. ಆದ್ರೆ ಸಿಟೌಟಿನ ಸ್ಲಾಬಿಗೆ ಕಡಲ ಕರೆಯ ಮರಳು, ಉಪ್ಪು ಹೊಯಿಗೆ ಹಾಕಿದ್ದಾರೆ. ಒಳಗೆ ಕಬ್ಬಿಣ ಎಲ್ಲ ತುಕ್ಕು ತಿಂದಿದೆ. ಅದೊಂದು ಒಡೆದು ಹೊಸತು ಹಾಕಿಸಿ ಕೊಡಲಿಕ್ಕೆ ಹೇಳಿ. ಅಲ್ಲಿವರೆಗೆ ಅದರ ಅಡಿಯಲ್ಲಿ ಯಾರೂ ಕೂತುಕೊಳ್ಳುವುದು ಬೇಡ."

"ಅವರಿಗೆ ಗೊತ್ತುಂಟಾ?"

"ಗೊತ್ತಿರ್ಲಿಕ್ಕಿಲ್ಲ. ಅವರು ಗಲ್ಫಲ್ಲಿ ಇದ್ದಾಗ ಕಂಟ್ರಾಕ್ಟರ್ ಕಟ್ಟಿದ್ದಲ್ವಾ? ನೀವು ಹೇಳಿದ್ರೆ ಗೊತ್ತಾಗ್ತದೆ."

ನಾನು ಹೇಳಬೇಕಾದದ್ದು ಒಂದೇ ಒಂದು ವಾಕ್ಯ. ಮೂವತ್ತು ವರ್ಷ ಮಕ್ಕಳ ತಪ್ಪುಗಳಿಗೆ ಕೆಂಪು ಶಾಯಿ ಹಾಕಿದವನಿಗೆ ಅದೇನು ಕಷ್ಟವೇ? ನಾಲ್ಕು ದಿನ ಫೋನ್ ಕೈಯಲ್ಲಿ ಹಿಡಿದು ಕೂತೆ. ಮರಳುಗಾಡಿನಲ್ಲಿ ದುಡಿದು ಕಟ್ಟಿಸಿದ ಮನುಷ್ಯನಿಗೆ ನಿಮ್ಮ ಮನೆ ಟೊಳ್ಳು ಎಂದು ಹೇಗೆ ಹೇಳಲಿ? ಹೇಳಿದರೆ, ಕದ್ದು ಕುಟ್ಟಿಸಿದ್ದನ್ನೂ ಹೇಳಬೇಕಲ್ಲ? ಐದನೆಯ ದಿನ ಫೋನ್ ಮಾಡಿ, "ಮನೆ ಎಲ್ಲ ಒಳ್ಳೆದುಂಟು, ಆದ್ರೆ ವಾಸ್ತುವಿನಲ್ಲಿ ಸ್ವಲ್ಪ ದೋಷ ಕಾಣ್ತದೆ, ಆ ಗೇಟು..." ಎಂದೆ. ಇಡೀ ಮನೆಯಲ್ಲಿ ಯಾವ ಸಂಗತಿ ಅಪ್ಪಟವಾಗಿ ಸರಿಯಿತ್ತೋ ಅದರ ಮೇಲೆಯೇ ಅಪವಾದ ಹೊರಿಸಿದೆ. ಭಾವ ಎರಡು ತಿಂಗಳು ಮಾತು ಬಿಟ್ಟರು. ಹೆಂಡತಿ ಮಾತು ಬಿಡಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು.

ಮಾರುವವರಿಗೆ ಬೇಸರವೇ ಆಗಲಿಲ್ಲ. "ಹೇಳಿದ್ದು ಒಳ್ಳೆದಾಯ್ತು ಮಾಷ್ಟ್ರೇ, ಸರಿ ಮಾಡಿಸುವ," ಎಂದರು. ವಾಸ್ತು ಕೆಟ್ಟರೆ ಯಾರಿಗೂ ಅವಮಾನವಿಲ್ಲ ನೋಡಿ, ಅದು ದಿಕ್ಕುಗಳ ತಪ್ಪು. ನಾನು ಮರ್ಯಾದೆ ಉಳಿಸಿಕೊಂಡೆನೆಂದು ಬೀಗಿದೆ. ಬೇರೆ ಮನೆ ಹುಡುಕುವ ಗಡಿಬಿಡಿಯಲ್ಲಿ ಆ ಸ್ಲಾಬನ್ನು ಮರೆತೂಬಿಟ್ಟೆ.

ಮಾರ್ಚಿನಲ್ಲಿ ಅವರೇ ಕುಂಬಳೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಗೇಟು ಕಿತ್ತು ಈಚೆ ಇಡಿಸಿದೆ. ಒಂದು ಕಿಟಕಿ ಮುಚ್ಚಿಸಿದೆ. ಡಿಸೆಂಬರಲ್ಲಿ ವ್ಯಾಪಾರ ಆಯ್ತು. ಗಂಡ ಹೆಂಡತಿ, ಒಂದು ಕೈಗೂಸು. ಸಿಟೌಟಿನ ಗಾಳಿ ಅವರಿಗೆ ಭಾರೀ ಖುಷಿ ಅಂತೆ, ಮಗು ಇಡೀ ದಿನ ಅಲ್ಲೇ ನಿದ್ದೆ ಮಾಡ್ತದಂತೆ."

ನಾನು ಮನೆಗೆ ಹೋಗುವ ಬಸ್ಸು ಬಿಟ್ಟು ಮೊಗ್ರಾಲಿಗೆ ರಿಕ್ಷಾ ಹಿಡಿದೆ.

ಸಿಟೌಟಿನ ಸ್ಲಾಬಿನ ಕೊಂಡಿಗೆ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸಿದ್ದರು. ತಾಯಿ ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದಳು. ಗಂಡ ಒಳಗಿನಿಂದ ಬಂದು ಕುರ್ಚಿ ಎಳೆದರು. ನಾನು ಯಾರೆಂದು ತಿಳಿದೊಡನೆ, "ಓ, ವಾಸ್ತು ಹೇಳಿದ ಮಾಷ್ಟ್ರು! ಚಾಯ ಕುಡೀರಿ," ಎಂದರು. ನಾನು ಕೂರಲಿಲ್ಲ. ಚಾಯ ಬೇಡವೆಂದೆ.

"ವಾಸ್ತು ಸರಿಯಿತ್ತು. ನಾನು ಸುಳ್ಳು ಹೇಳಿದ್ದು. ಈ ಸ್ಲಾಬಿನ ಒಳಗೆ ಕಬ್ಬಿಣ ತುಕ್ಕು ತಿಂದಿದೆ. ಎಂಜಿನಿಯರ್ ನೋಡಿ ಹೇಳಿದ್ದಾಳೆ. ಯಾವಾಗ ಬೀಳ್ತದೆ ಹೇಳ್ಲಿಕ್ಕಾಗುವುದಿಲ್ಲ."

ಅವರ ಮುಖದ ನಗು ಹೋಯಿತು. "ಅಲ್ಲ ಮಾಷ್ಟ್ರೇ, ಮನೆ ಕೈತಪ್ಪಿತು ಅಂತ ನಿಮಗೆ ಬೇಜಾರು ಇರ್ಬಹುದು. ಹಾಗಂತ ಇದು ಸ್ವಲ್ಪ ಹೆಚ್ಚಾಯ್ತು."

"ಬೇರೆ ಯಾರನ್ನಾದ್ರೂ ಕರೆದು ತೋರಿಸಿ. ನಾನು ಹೇಳಿದ್ದನ್ನು ನಂಬಬೇಡಿ."

"ಅಂದ್ರೆ ಗೇಟು ಕಿತ್ತು ಈಚೆ ಇಟ್ಟದ್ದು ಸುಮ್ಮನೆಯಾ? ಈಗ ಅದು ಸರಿ ಉಂಟಾ, ಇಲ್ವಾ? ಮೊದಲು ಅದು ಹೇಳಿ."

ಗೇಟಿನ ವಿಷಯದಲ್ಲಿ ಅವರು ನಿಜವಾಗಿಯೂ ಗಾಬರಿಯಾಗಿದ್ದರು. ನಾನು ಗೇಟು ಎಲ್ಲಿದ್ದರೂ ಆಗುತ್ತದೆಂದು ಹೇಳಲು ಹೊರಟೆ, ಅವರು ಆಗುವುದಿಲ್ಲವೆಂದು ವಾದಿಸಿದರು. ನಾವಿಬ್ಬರು ಓದಿದ ಗಂಡಸರು ಆ ಸ್ಲಾಬಿನ ಅಡಿಯಲ್ಲೇ ನಿಂತು ಪೂರ್ವ ದಿಕ್ಕಿನ ಬಗ್ಗೆ ಸ್ವರ ಏರಿಸುತ್ತಿದ್ದೆವು.

ಅಷ್ಟರಲ್ಲಿ ಆಕೆ ಎದ್ದು, ಜೋಲಿಯಿಂದ ಮಗುವನ್ನು ಎತ್ತಿ ಎದೆಗೆ ಅವುಚಿಕೊಂಡು ಹೊಸ್ತಿಲಿನ ಒಳಗೆ ಹೋಗಿ ನಿಂತಳು. ಗಂಡನ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದಳು.

"ಮೂರು ತಿಂಗಳಿಂದ ಇವಳು ಇಲ್ಲೇ ಮಲಗುವುದು," ಎಂದಳು.