ಹೆನ್ರಿಯ ಬೀದಿ, ಪುಟ್ಟಸ್ವಾಮಯ್ಯನವರ ಮಹಡಿ

"ಅಮೆರಿಕಾದವರು ಹಿಂದೆ ಬರ್ತಿದಾರಾ?"

ಕಳೆದ ಭಾನುವಾರ ಬಾಗಿಲು ತೆರೆದ ಪುಟ್ಟಸ್ವಾಮಯ್ಯನವರು ಕೇಳಿದ ಮೊದಲ ಮಾತು ಇದು. ಅಮೆರಿಕಾದವನು ಅವರ ಎದುರೇ ನಿಂತಿದ್ದ. ಬಾಗಿಲಷ್ಟು ಎತ್ತರ, ಕಪ್ಪು ಬಣ್ಣ, ಕಂಕುಳಲ್ಲಿ ಫೋಟೋ ಆಲ್ಬಮ್, ಮುಖದ ತುಂಬ ನಗು. ಹೆಸರು ಹೆನ್ರಿ.

ಹಳೇ ಕಟ್ಟಡಗಳ ಇತಿಹಾಸ ಓದುವ ಹುಡುಗ. ನಮ್ಮ ಪೇಟೆ ಬೀದಿಗಳನ್ನು ನೋಡಲು ಬಂದಿದ್ದಾನೆ. ಇಲ್ಲಿರುವವರೆಗೆ ಒಂದು ರೂಮು ಬೇಕು. ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಭಾವಮೈದ ಅವನನ್ನು ನನಗೆ ಗಂಟು ಹಾಕಿದ. ರಾಜಾಜಿನಗರದಲ್ಲಿ ಪುಟ್ಟಸ್ವಾಮಯ್ಯನವರ ಮಹಡಿ ರೂಮು ಖಾಲಿ ಇತ್ತು. (ಕೆಳಗೆ ಹಿಟ್ಟಿನ ಗಿರಣಿ. ಮೇಲೆ ಮಲಗಿದವರಿಗೆ ಅಲಾರಂ ಬೇಕಿಲ್ಲ.) ಅಮೆರಿಕಾ ಎಂದ ಕೂಡಲೇ ಅವರು ರೂಮಿಗೆ ಸುಣ್ಣ ಹೊಡೆಸಿಟ್ಟಿದ್ದರು.

ಈಗ ಅವರ ಮುಖ ಸ್ವಲ್ಪ ಸಣ್ಣಗಾಯಿತು. ಆದರೂ ಕಾಫಿ ಬಂತು. ಹೆನ್ರಿ ಆಲ್ಬಮ್ ಬಿಚ್ಚಿದ. ನಾನು ದುಭಾಷಿ.

ಅವನ ಊರಿನ ಒಂದು ಬೀದಿ. ಅವನ ತಾತ ಕಟ್ಟಿಸಿದ ಮೂರು ಅಂತಸ್ತಿನ ಇಟ್ಟಿಗೆ ಕಟ್ಟಡ. ಕೆಳಗೆ ಕ್ಷೌರದಂಗಡಿ, ನಡುವೆ ಹಲ್ಲಿನ ಡಾಕ್ಟರು, ಮೇಲೆ ಡಾನ್ಸ್ ಹಾಲ್. ಪಕ್ಕದಲ್ಲಿ ಬ್ಯಾಂಕು, ಹೋಟೆಲು, ಥಿಯೇಟರು. ಎಲ್ಲದರ ಮಾಲೀಕರೂ ಕರಿಯ ಜನ.

ಮನೆ ಯಜಮಾನರು ರಿಟೈರ್ಡ್ ಓವರ್‌ಸಿಯರ್. ಕಟ್ಟಡ ಕಂಡರೆ ಸುಮ್ಮನಿರುತ್ತಾರೆಯೇ?

"ಸಜ್ಜಾನೇ ಇಲ್ವಲ್ರೀ! ಮಳೆ ಬಂದ್ರೆ ಕಿಟಕಿ ಗತಿ ಏನು? ಬಾಗಿಲು ಯಾವ ದಿಕ್ಕಿಗೆ?"

ದಕ್ಷಿಣ, ಎಂದ ಹೆನ್ರಿ. ದೊಡ್ಡ ರಸ್ತೆ ಹಾಯಿಸಲು ಈಗ ಅರ್ಧ ಬೀದಿ ಕೆಡವಿದ್ದಾರೆ ಎಂದೂ ಹೇಳಿದ.

"ನೋಡಿದ್ರಾ? ದಕ್ಷಿಣ!" ಎಂದರು ಇವರು.

ಆಮೇಲೆ ಒಳ್ಳೆಯ ಪ್ರಶ್ನೆ ಕೇಳಿದರು. ಬ್ಯಾಂಕಿನಿಂದ ಥಿಯೇಟರಿನವರೆಗೆ ಎಲ್ಲವನ್ನೂ ಒಂದೇ ಬೀದಿಯಲ್ಲಿ ಯಾಕೆ ಕಟ್ಟಿಕೊಂಡರು?

ಬೇರೆ ಕಡೆ ನಮಗೆ ಅಂಗಡಿ ಬಾಡಿಗೆಗೆ ಕೊಡುತ್ತಿರಲಿಲ್ಲ, ಎಂದ ಹೆನ್ರಿ. ಹೋಟೆಲಿನಲ್ಲಿ ಮಲಗಲು ಬಿಡುತ್ತಿರಲಿಲ್ಲ. ಸಿನಿಮಾಕ್ಕೆ ಹೋದರೆ ಬಾಲ್ಕನಿಗೆ ಅಟ್ಟುತ್ತಿದ್ದರು.

"ಬಾಲ್ಕನಿಗಾ? ಅದು ಜಾಸ್ತಿ ರೇಟಿಂದಲ್ವೇನ್ರೀ?"

ಅಲ್ಲಿ ಅದು ಬೇಡದವರನ್ನು ಕೂರಿಸುವ ಜಾಗ ಎಂದು ವಿವರಿಸಿದೆ. ಪುಟ್ಟಸ್ವಾಮಯ್ಯನವರು ಕೆಂಡವಾದರು. ಲೋಟ ಕುಕ್ಕಿದರು.

"ಬಾಡಿಗೆ ಕಟ್ಟೋನು ಮನುಷ್ಯ ಅಲ್ವೇ? ಥೂ! ಎಂಥಾ ಜನಾರೀ ಅವರು? ಚಂದ್ರನ ಮೇಲೆ ಹೋಗಿ ಬಂದ್ರೆ ಸಾಕಾ?" ಒಳಗೆ ತಿರುಗಿ ಕೂಗಿದರು, "ಏನೇ, ಆ ಹುಡುಗನಿಗೆ ಎರಡು ಕೋಡುಬಳೆ ಹಾಕು!"

ಹೆನ್ರಿ ಗೆದ್ದವನಂತೆ ನನ್ನ ಕಡೆ ನೋಡಿದ. ಬುಧವಾರ ಟ್ರಂಕು ತರಲೇ, ಎಂದು ಕೇಳಿದ. ನನಗೂ ರೂಮು ಸಿಕ್ಕಿತೆಂದೇ ಅನಿಸಿತು.

ಗೇಟಿನ ಹತ್ತಿರ ಯಜಮಾನರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಪಾಪ, ಒಳ್ಳೇ ಹುಡುಗ. ಆದ್ರೂ ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ಯಾವ ಜನ?"

"ಅಮೆರಿಕಾ, ಸಾರ್."

"ಅದು ಗೊತ್ತು ಕಣ್ರೀ. ಅದರಲ್ಲಿ ಯಾವ ಜನ?"

ಗೊತ್ತಿಲ್ಲ ಎಂದೆ. "ಹಾಗಾದ್ರೆ ಮನೆಯವಳನ್ನ ಕೇಳಿ ತಿಳಿಸ್ತೀನಿ" ಎಂದರು. ಬೆಂಗಳೂರಿನಲ್ಲಿ ರೂಮು ಹುಡುಕಿದವರಿಗೆಲ್ಲ ಇದರ ಅರ್ಥ ಗೊತ್ತು.

ರಸ್ತೆಯಲ್ಲಿ ಹೆನ್ರಿಗೆ ನಡೆದದ್ದನ್ನು ಹೇಳಿದೆ. ನಾಚಿಕೆಯಿಂದ ನನ್ನ ಇಂಗ್ಲಿಷು ತಡವರಿಸಿತು. ಅವನು ಆಲ್ಬಮ್ಮನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು, ಇನ್ನೊಂದು ರೂಮು ನೋಡಲು ವಿಜಯನಗರಕ್ಕೆ ಯಾವ ಬಸ್ಸು ಎಂದು ಕೇಳಿದ.

ರೂಮು ಇನ್ನೂ ಖಾಲಿ ಇದೆ. ಗಾಳಿ ಬೆಳಕು ಚೆನ್ನಾಗಿದೆ, ಸುಣ್ಣ ಹೊಸದು. ನಿಮಗೆ ಬೇಕಾಗಿತ್ತೇ? ಸಂತೋಷ. ಅಂದ ಹಾಗೆ, ನೀವು ಯಾವ ಜನ?