ಹತ್ತಿಯ ಎಳೆ

ಜೇವರ್ಗಿ ಬಸ್‌ಸ್ಟ್ಯಾಂಡಿನ ಎದುರು ಹಲ್ಲಿನ ಸೆಟ್ಟು ಮಾಡಿಕೊಡುವ ಚಾಚಾ ಒಬ್ಬರಿದ್ದರು. ಸೆಟ್ಟನ್ನು ತಿರುಗುವ ಚಕ್ರಕ್ಕೆ ಹಿಡಿದು ಕನ್ನಡಿಯ ಹಾಗೆ ಹೊಳೆಯಿಸಿದ ಮೇಲೂ ಅವರಿಗೆ ಸಮಾಧಾನವಿರಲಿಲ್ಲ. ಜೇಬಿನಿಂದ ಚೂರು ಹತ್ತಿ ತೆಗೆದು ಅದರ ಮೈಮೇಲೆಲ್ಲ ಮೆಲ್ಲಗೆ ಎಳೆಯುತ್ತಿದ್ದರು. ಒಂದು ಎಳೆ ಸಿಕ್ಕಿಕೊಂಡರೂ ಅಲ್ಲಿ ಒರಟು ಉಳಿದಿದೆ, ಬಾಯಿ ಹುಣ್ಣಾಗುತ್ತದೆ ಎಂದರ್ಥ. "ಹತ್ತಿ ಹಿಡೀಬಾರ್ದ್ರಿ" ಎನ್ನುತ್ತ ಮತ್ತೆ ಚಕ್ರದ ಮುಂದೆ ಕೂರುತ್ತಿದ್ದರು.

ಅವರ ಹತ್ತಿರ ಹೊಸ ಹಲ್ಲು ಹಾಕಿಸಿಕೊಂಡ ಎಂಟು ದಿನಕ್ಕೆ, ತೋರಿಸಲೆಂದು ಅವ್ವನನ್ನು ನಮ್ಮೂರು ಅಂದೋಲಾದಿಂದ ಕರೆತಂದಿದ್ದೆ.

"ಚುಚ್ಚತಾವೇನ್ರಿ ಅಕ್ಕಾರ?" ಎಂದರು ಚಾಚಾ.

"ಇಲ್ರಿ ಅಣ್ಣಾರ, ಭಾಳ ಚಲೋ ಅದಾವ" ಎಂದಳು ಅವ್ವ. ಎಂಟು ದಿನವೂ ಅವಳು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗಿದ್ದಳು.

ಚಾಚಾ ಸೆಟ್ಟು ತೆಗೆಸಿ, ತೊಳೆದು ಒರೆಸಿ, ಹತ್ತಿ ಎಳೆದರು. ಒಳಅಂಚಿನಲ್ಲಿ ಒಂದು ಎಳೆ ನಿಂತಿತು. ಅದನ್ನು ಬೆಳಕಿಗೆ ಹಿಡಿದು ತೋರಿಸಿದರು.

"ನನ್ನ ಕೈ ತಪ್ಪೇತ್ರಿ. ನೀವು ನನ್ನ ಮಾರಿ ನೋಡಿ ಸುಳ್ಳ ಹೇಳಿದ್ರಿ ಅಕ್ಕಾರ. ಹತ್ತಿ ಯಾರ ಮಾರೀನೂ ನೋಡೂದಿಲ್ಲ."

ಅವ್ವ ಸೆರಗಿನಲ್ಲಿ ಬೊಚ್ಚುಬಾಯಿ ಮುಚ್ಚಿಕೊಂಡು ನಕ್ಕಳು. ಚಾಚಾ ಮತ್ತೆ ಚಕ್ರದ ಮುಂದೆ ಕೂತರು. ಆ ಸಂಜೆ ಅವಳು ಖಡಕ್ ರೊಟ್ಟಿ ಕಡಿದ ಸದ್ದು ಪಡಸಾಲೆಯವರೆಗೂ ಕೇಳಿಸಿತು.

ಈಗ ಅವರಿಬ್ಬರೂ ಇಲ್ಲ. ಮೊನ್ನೆ ಕಲಬುರಗಿಯಲ್ಲಿ ದವಡೆಗೆ ಸ್ಕ್ರೂ ಕೂರಿಸಿ ಹಾಕುವ ಹಲ್ಲು ಹಾಕಿಸಿಕೊಂಡೆ. "ಆರಾಮ ಐತಲ್ರಿ?" ಎಂದು ಕೇಳಿದರು ಡಾಕ್ಟರು. ನಾಲಿಗೆಗೆ ಒರಟು ತಾಗುತ್ತಿದ್ದರೂ "ಹೌದ್ರಿ" ಎಂದು ಬಂದೆ. ಮನೆಯಲ್ಲಿ ದೀಪದ ಬತ್ತಿಯಿಂದ ಚೂರು ಹತ್ತಿ ಹಿಂಜಿ, ಹಲ್ಲು ಒರೆಸಿಕೊಂಡು ಎಳೆದೆ. ಎಳೆ ಸಿಕ್ಕಿಕೊಂಡಿತು.

ಅವ್ವ ಹೇಳಿದ ಸುಳ್ಳನ್ನೇ ನಾನೂ ಹೇಳಿದ್ದೆ. ಡಾಕ್ಟರು ನಂಬಿಬಿಟ್ಟಿದ್ದರು.