ಕಪ್ಪು ನಾಲ್ಕಕ್ಕೆ ಬಿಗಿದ ಗಿಟಾರು

ನಾನು ಮೊದಲಿನಿಂದಲೂ ಪುಕ್ಕಲಿ. ಸೊರಬದ ತವರಿನಲ್ಲಿದ್ದಾಗ ಗೂಳಿಗೂ ಹೆದರುತ್ತಿದ್ದೆ, ಗುಡುಗಿಗೂ ಹೆದರುತ್ತಿದ್ದೆ. ಶಾಲೆ ಮೇಷ್ಟರಾಗಿದ್ದ ಅಪ್ಪ ಪಿಟೀಲು ಹೇಳಿಕೊಟ್ಟಿದ್ದರು. ಶಿಕಾರಿಪುರದ ಒಕ್ಕಲು ಮನೆಗೆ ಸೊಸೆಯಾಗಿ ಬಂದಾಗ ಪಿಟೀಲೂ ನನ್ನ ಜೊತೆ ಬಂತು. ಮರುವರ್ಷ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದಾಗ ನನ್ನ ಎಡಗೈ ಉರುಳೆಗಳ ನಡುವೆ ಸಿಕ್ಕಿತು. ಕೈಯೇನೋ ಉಳಿಯಿತು. ಆದರೆ ಹೆಬ್ಬೆರಳು, ತೋರುಬೆರಳು ಬಿಟ್ಟು ಉಳಿದ ಮೂರೂ ನೆಟ್ಟಗೆ ಸೆಟೆದು ನಿಂತುಬಿಟ್ಟವು. ಒಂದೇ ಬೆರಳಿಗೆ ಪಿಟೀಲು ಒಲಿಯುವುದಿಲ್ಲ. ಅದನ್ನು ತವರಿಗೆ ವಾಪಸು ಕಳಿಸಿ, ಆ ಮಾತೇ ಬೇಡವೆಂದು ಸುಮ್ಮನಾದೆ.

ಸುಮ್ಮನಿರಲು ಬಿಡದವರು ನನ್ನ ಗಂಡ. ಹೊಸ ಪೈಸೆ ಚಲಾವಣೆಗೆ ಬಂದ ವರ್ಷವಿರಬೇಕು, ಶಿಕಾರಿಪುರದಲ್ಲಿ ನಾಟಕ ಕಂಪನಿಯೊಂದು ಬೀಡು ಬಿಟ್ಟಿತ್ತು. ಇವರು ನಾಟಕಕ್ಕೆ ಹೋದವರು ನಾಟಕ ನೋಡದೆ, ರಂಗದ ಪಕ್ಕ ಕೂತು ಹವಾಯಿ ಗಿಟಾರು ನುಡಿಸುತ್ತಿದ್ದವನನ್ನೇ ನೋಡಿ ಬಂದಿದ್ದರು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು, ಅದನ್ನು ತಂತಿಗಳ ಮೇಲೆ ಜಾರಿಸುತ್ತಾನಂತೆ. "ಅವನ ಬೆರಳು ಮಡಚೂದೇ ಇಲ್ಲ ನೋಡು," ಎಂದರು. ಮಳೆ ಹತ್ತಿರ ಬಂದು ಕಂಪನಿ ಗಂಟುಮೂಟೆ ಕಟ್ಟುತ್ತಿತ್ತು. ಆತ ಗಿಟಾರನ್ನು ಮಾರಲು ಒಪ್ಪಿದ್ದ.

ಅರ್ಧ ಬಿಚ್ಚಿದ ಡೇರೆಯೊಳಗೆ ಆತ ಅದನ್ನು ನನ್ನ ತೊಡೆಯ ಮೇಲಿಟ್ಟ. ಹಳೆಯ ಗಿಟಾರು, ಮೆರುಗೆಲ್ಲ ಹೋಗಿತ್ತು. ನನ್ನ ಕೈ ನೋಡಿದವರೆಲ್ಲ ಅಯ್ಯೋ ಎನ್ನುತ್ತಿದ್ದರು, ಆತ ಅನ್ನಲಿಲ್ಲ. ಉಕ್ಕಿನ ತುಂಡನ್ನು ಹೆಬ್ಬೆರಳು ತೋರುಬೆರಳುಗಳಿಗೆ ಹಿಡಿಸಿ, ಸೆಟೆದ ಬೆರಳುಗಳನ್ನು ಅದರ ಹಿಂದೆ ತಂತಿಗಳ ಮೇಲೆ ಚಪ್ಪಟೆಯಾಗಿ ಮಲಗಿಸಿದ. "ಈ ಬೆರಳು ಹಿಂಗೇ ಮಲಗಿರಬೇಕು ತಾಯಿ. ನನ್ನವು ಹಿಂಗೆ ಮಲಗೋದು ಕಲಿಯೋಕೆ ಬಾಳ ದಿನ ಹಿಡೀತು," ಎಂದ. ಗಿಟಾರಿನ ಪೆಟ್ಟಿಗೆ ಹಳತು, ಹೆಚ್ಚು ಬಿಗಿದರೆ ತಾಳದು, ತಂತಿಯನ್ನು ತಗ್ಗಿದ ಶ್ರುತಿಗೇ ಕಟ್ಟಬೇಕು ಎಂದೂ ಹೇಳಿದ.

ನನಗೆ ಖುಷಿಯಾಗಬೇಕಿತ್ತು. ಆದದ್ದು ಭಯ. ಇಷ್ಟು ದಿನ ಇನ್ನು ನುಡಿಸಲಾಗದು ಎಂದು ಒಂದು ಮೂಲೆಯಲ್ಲಿ ನೆಮ್ಮದಿಯಾಗಿದ್ದೆ. ಈಗ ಆದೀತು ಎನ್ನುತ್ತಿದ್ದಾರೆ. ಇದೂ ಆಗದೆ ಹೋದರೆ ಆಮೇಲೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಮಳೆಗಾಲದ ತೇವಕ್ಕೆ ತಂತಿಗಳೆಲ್ಲ ತುಕ್ಕು ಹಿಡಿದವು, ಗಿಟಾರು ಗೋಡೆಯ ಗೂಟದಲ್ಲಿ ನೇತಾಡಿತು. ಶಿವಮೊಗ್ಗದಿಂದ ಹೊಸ ತಂತಿ ತರಲೇ ಎಂದು ಇವರು ಕೇಳಿದಾಗಲೆಲ್ಲ ಏನವಸರ ಎನ್ನುತ್ತಿದ್ದೆ. ತಂತಿ ಇಲ್ಲದಿರುವಷ್ಟು ದಿನ ನನ್ನ ಕೈಯ ಯೋಗ್ಯತೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ದಸರೆ ಬಂದಾಗ ಇವರು ನನ್ನನ್ನು ಕೇಳದೆ ತಂದೇಬಿಟ್ಟರು.

ಆಯುಧ ಪೂಜೆಯ ಬೆಳಿಗ್ಗೆ ಇಬ್ಬರೂ ಪಡಸಾಲೆಯಲ್ಲಿ ಕೂತೆವು. ಇವರು ತಂತಿ ಬಿಗಿಯುವ ಬಿರಡೆಗಳಿಗೆ ಸೀಮೆಎಣ್ಣೆ ಹಾಕಿ ತುಕ್ಕು ಬಿಡಿಸಿದರು, ನಾನು ತಂತಿ ಏರಿಸಿದೆ. ಶ್ರುತಿಗೆ ಪಕ್ಕದ ಮನೆಯಿಂದ ಭಜನೆಯ ಹಾರ್ಮೋನಿಯಂ ತರಿಸಿದೆವು. ನಮ್ಮ ಊರಿನ ಭಜನೆಯೆಲ್ಲ ಕಪ್ಪು ನಾಲ್ಕಕ್ಕೇ, ಅಂದರೆ ಹಾರ್ಮೋನಿಯಮ್ಮಿನ ನಾಲ್ಕನೇ ಕಪ್ಪು ಮನೆಯ ಶ್ರುತಿಗೇ, ಗಂಟಲು ಹರಿಯುವಷ್ಟು ಎತ್ತರ. ತಗ್ಗಿನಲ್ಲೇ ಕಟ್ಟಬೇಕೆಂದು ಗಿಟಾರು ಮಾರಿದಾತ ಹೇಳಿದ್ದು ನೆನಪಿರಲಿಲ್ಲವೆಂದಲ್ಲ. ಆದರೆ ನಮ್ಮ ಕಡೆ ವಾದ್ಯವೇ ಹಾಡುವವರ ಶ್ರುತಿಗೆ ಏರಬೇಕು. ವಾದ್ಯಕ್ಕಾಗಿ ಹಾಡುವವರು ಇಳಿಯುವುದನ್ನು ನಾನು ಕಂಡವಳೇ ಅಲ್ಲ. ಬಿರಡೆ ತಿರುಗಿಸಿದೆ, ಇನ್ನೂ ತಿರುಗಿಸಿದೆ, ತಂತಿ ಹರಿದು ಬಡಿದೀತೆಂದು ಮುಖ ಆಚೆ ಹೊರಳಿಸಿಕೊಂಡು ತಿರುಗಿಸಿದೆ. ಕೊನೆಗೆ ಎಲ್ಲ ತಂತಿಗಳೂ ಹಾರ್ಮೋನಿಯಮ್ಮಿಗೆ ಸೇರಿದವು.

ಒಂದು ಸ್ವರ ಮೀಟುವುದರೊಳಗೆ ಅತ್ತೆ ಬಂದರು. ಆಲೆಮನೆಗೆ ಹೋಗಿ ಗಾಣಕ್ಕೆ ಕುಂಕುಮ ಹಚ್ಚಿ ಬಂದವರು, ಅದೇ ಕೈಯಲ್ಲಿ ಗಿಟಾರನ್ನು ಎತ್ತಿಕೊಂಡು ಹೋಗಿ ನೇಗಿಲು, ಕೊಡಲಿ, ಕುಡುಗೋಲುಗಳ ಪಕ್ಕ ಒರಗಿಸಿ ಕುಂಕುಮವಿಟ್ಟರು. ನಮ್ಮ ಮನೆಯಲ್ಲಿ ಪೂಜೆಗೆ ಕೂತ ಸಾಮಾನನ್ನು ಮರುದಿನ ಸಂಜೆ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವಂತಿಲ್ಲ. ಈಳಿಗೆಮಣೆಯೂ ಪೂಜೆಗೆ ಕೂರುವುದರಿಂದ ತರಕಾರಿಯನ್ನೂ ಮೊದಲೇ ಹೆಚ್ಚಿಡುತ್ತಿದ್ದೆವು.

ಮಧ್ಯಾಹ್ನ ಎಲೆ ಹಾಕುತ್ತಿದ್ದಾಗ ಪೂಜೆಯ ಕಡೆಯಿಂದ ಟಕ್ ಎಂದಿತು. ಹೋಗಿ ಬಗ್ಗಿ ನೋಡಿದೆ. ತಂತಿಗಳನ್ನು ಹೊತ್ತಿದ್ದ ಮರದ ಪಟ್ಟಿ, ಅದೇ ಕುದುರೆ, ಅದರ ಹಿಂಬದಿ ಪೆಟ್ಟಿಗೆಯಿಂದ ಬಿಟ್ಟುಕೊಂಡು, ಉಗುರು ತೂರುವಷ್ಟು ಸಂದಿಯಾಗಿತ್ತು. ತಂತಿಗಳು ಅದನ್ನು ಕಿತ್ತುಕೊಂಡು ಹೋಗಲು ಎಳೆಯುತ್ತಿದ್ದವು. ಕುದುರೆ ಕಿತ್ತರೆ ಮೇಲಿನ ಹಲಗೆಯೇ ಸೀಳುತ್ತದೆ, ಈ ಕೈಗೆ ಒಗ್ಗುವ ವಾದ್ಯ ಇನ್ನೊಂದು ಎಲ್ಲಿಂದ ಬರಬೇಕು? ಸಡಿಲಿಸೋಣವೆಂದರೆ ದೇವರ ಭಯ. ದೇವರಿಗಿಂತ ಹೆಚ್ಚು ಅತ್ತೆಯ ಭಯ. ಇವರಿಗೆ ಹೇಳಿದೆ. ಅಮಲ್ದಾರರ ಎದುರೂ ಗಟ್ಟಿ ದನಿಯಲ್ಲಿ ಮಾತಾಡುವ ಗಂಡಸು, ಅವ್ವನ ಹತ್ತಿರ ನೀನೇ ಕೇಳು ಎಂದು ಹಿತ್ತಿಲಿಗೆ ನಡೆದರು.

ಆ ಇಡೀ ದಿನ ಕಿವಿಯನ್ನು ಅಲ್ಲಿಯೇ ಬಿಟ್ಟು ಮೈಯಿಂದ ಮನೆಗೆಲಸ ಮಾಡಿದೆ. ಪಾತ್ರೆಗೆ ಸೌಟು ತಾಗಿದರೂ ಪೂಜೆಯ ಕಡೆ ತಿರುಗಿ ನೋಡುತ್ತಿದ್ದೆ. ಮರುದಿನ ಬೆಳಿಗ್ಗೆ ಮತ್ತೆ ಟಕ್ ಎಂದಾಗ ಓಡಿಹೋಗಿ ಪೂಜೆಯ ಮುಂದೆ ನಿಂತೆ, ಕೈ ಮಾತ್ರ ಮುಂದೆ ಹೋಗಲೊಲ್ಲದು. ಸಂದಿಯೊಳಗೆ ಈಗ ಬೆಳಕು ಕಾಣುತ್ತಿತ್ತು. ಹಿಂದೆ ಅತ್ತೆ ಬಂದು ನಿಂತದ್ದು ಗೊತ್ತಾಗಿ ಅಳು ಬಂತು. ಬಡಬಡನೆ ಎಲ್ಲ ಹೇಳಿದೆ. ಅವರು ಬಗ್ಗಿ ಕುದುರೆಯನ್ನು ನೋಡಿದರು, ತಂತಿಯನ್ನು ನೋಡಿದರು.

"ನೊಗ ಎತ್ತಿನ ಕುತ್ತಿಗಿ ಕೊಯ್ತಿದ್ರೆ, ಪೂಜೆ ಐತಿ ಅಂತ ಹಂಗೇ ಬಿಡ್ತೀವೇನು? ಸಡ್ಲಿಸು," ಎಂದರು.

ಸಡಿಲಿಸಿದೆ. ಒಂದೊಂದೇ ತಂತಿ ಉಸಿರು ಬಿಟ್ಟಂತೆ ಇಳಿಯಿತು. ಕುದುರೆ ಪೂರ್ತಿ ಕೂರಲಿಲ್ಲ, ಆದರೆ ಇನ್ನು ಏಳಲೂ ಇಲ್ಲ. ಅತ್ತೆ ಗಿಟಾರಿಗೆ ಮತ್ತೊಮ್ಮೆ ಕುಂಕುಮವಿಟ್ಟು ಒಳಗೆ ಹೋದರು.

ಸಂಜೆ ಬನ್ನಿ ಕೊಟ್ಟು ಬಂದ ಮೇಲೆ ನುಡಿಸು ಎಂದದ್ದೂ ಅವರೇ. ಹಾರ್ಮೋನಿಯಂ ಮುಟ್ಟದೆ, ಪೆಟ್ಟಿಗೆ ತಾಳುವಷ್ಟು ತಗ್ಗಿನಲ್ಲಿ ಶ್ರುತಿ ಮಾಡಿ ತೊಡೆಯ ಮೇಲೆ ಮಲಗಿಸಿಕೊಂಡೆ. ಅತ್ತೆ ಎದುರಿಗೆ ಕೂತರು. ಗಾಣಕ್ಕೆ ಸಿಕ್ಕಿದ ದಿನದಿಂದ ನನ್ನ ಎಡಗೈಯನ್ನು ನೇರ ನೋಡಿರದವರು, ಅಂದು ಅದನ್ನೇ ನೋಡುತ್ತಿದ್ದರು. ಷಡ್ಜದ ಮೇಲೆ ಉಕ್ಕು ಇಟ್ಟು ಮೀಟಿದೆ. ಕೈ ಗಡಗಡ ನಡುಗುತ್ತಿತ್ತು. ಸ್ವರವೂ ಅದರ ಜೊತೆ ಅಲುಗಾಡಿತು, ನಾಚಿಕೆಯಾಗಿ ತಂತಿಯನ್ನು ಅಂಗೈಯಿಂದ ಮುಚ್ಚಿದೆ.

ಯಾಕೆ ನಿಲ್ಲಿಸಿದೆ ಎಂದು ಕೇಳಿದರು. ಹೆದರಿಕೆ ಅತ್ತೆ, ಕೈ ನಡುಗುತ್ತಿದೆ ಎಂದೆ.

"ನಡುಗ್ಲಿ ಬಿಡವ್ವಾ," ಎಂದರು. "ನಡುಗಿದ್ದೇ ಚಲೋ ಕೇಳ್ತೈತಿ."